ಸಣ್ಣ ಬೋರ್ಡು, ದೊಡ್ಡ ಬಿಸಿಲು: ಕಲಬುರಗಿಯ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಸಾಲ್ಡರಿಂಗ್ ಹೊಗೆಯ ವಾಸನೆ ಇರುತ್ತದೆ. ಕಲಬುರಗಿಯ ಕಾಲೇಜು ಹುಡುಗರು, ಆಳಂದ, ಸೇಡಂ, ಚಿತ್ತಾಪುರ ಕಡೆಯಿಂದ ಬರುವ ರೈತರ ಮಕ್ಕಳು, ಒಮ್ಮೊಮ್ಮೆ ಅವರ ಮೇಷ್ಟ್ರುಗಳೂ, ಕೋಡ್ ಬರೆದು ಲೈಟು, ಸೆನ್ಸರ್, ಮೋಟರ್ ನಡೆಸುವ ಪುಟ್ಟ ಬೋರ್ಡು ಹಿಡಿದು ಬಂದು ಕೂರುತ್ತಾರೆ. ಮುಖ ಹೊಸದು, ಪ್ರಶ್ನೆ ಹಳೆಯದು. ಪ್ರಶ್ನೆಗಳನ್ನು ಕೇಳಿದವರ ಬಾಯಿಮಾತಿನಲ್ಲೇ ಇಟ್ಟಿದ್ದೇನೆ. ಅರ್ಧಕ್ಕಿಂತ ಹೆಚ್ಚಿನವುಗಳ ತಿರುಳು ಒಂದೇ: ವಿಡಿಯೊದಲ್ಲಿ ಆದದ್ದು ನಮ್ಮಲ್ಲಿ ಯಾಕೆ ಆಗುತ್ತಿಲ್ಲ? ವಿಡಿಯೊ ಮಾಡಿದವನ ಕೋಣೆಯಲ್ಲಿ ಎಸಿ ಇರುತ್ತದೆ. ನಮ್ಮ ಮಾಳಿಗೆಯ ಮೇಲೆ ಮೇ ತಿಂಗಳು ಇರುತ್ತದೆ.

## ಶುರು ಮಾಡುವವರಿಗೆ

ನಾ ಬಿ.ಎ. ಓದೀನ್ರಿ. ಎಲೆಕ್ಟ್ರಾನಿಕ್ಸ್ ಗಂಧಾನೇ ಇಲ್ಲ. ನನ್ನ ಕೈಲಿ ಆಗ್ತದೇನ್ರಿ?

ಆಗುತ್ತದೆ. ಆರ್ಡುಯಿನೊ ಹುಟ್ಟಿದ್ದೇ ಎಂಜಿನಿಯರುಗಳಲ್ಲದವರಿಗಾಗಿ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ, ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಕಡಿಮೆ ದರದ ಬೋರ್ಡು ಬೇಕೆಂದು ಮಾಡಿದ್ದು ಅದು. ಅದನ್ನು ಮಾಡಿದ ಮೇಷ್ಟ್ರುಗಳು ಸೇರುತ್ತಿದ್ದ ಬಾರಿಗೆ ಅಲ್ಲಿನ ಹಳೆಯ ರಾಜ ಆರ್ಡುಯಿನೊನ ಹೆಸರಿತ್ತು, ಅದೇ ಬೋರ್ಡಿಗೂ ಬಂತು. ನಿಮಗೆ ಬೇಕಾದ ಗಣಿತ ಓಮನ ನಿಯಮ ಒಂದೇ: ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ಏಳನೇ ತರಗತಿಯ ಭಾಗಾಕಾರ ಸಾಕು. ಇಲ್ಲಿ ಬಿ.ಎ. ಹುಡುಗಿಯೊಬ್ಬಳು ಮೂರು ವಾರದಲ್ಲಿ ಟ್ರಾಫಿಕ್ ಸಿಗ್ನಲ್ ಮಾಡಿದಳು. ಡಿಪ್ಲೊಮಾ ಮುಗಿಸಿದ ಹುಡುಗ ಇನ್ನೂ ಯಾವ ಬೋರ್ಡು ಒಳ್ಳೆಯದೆಂದು ವಿಮರ್ಶೆ ಓದುತ್ತಿದ್ದಾನೆ.

ಆರ್ಡುಯಿನೊ ತೊಗೋಬೇಕಾ, ಇಎಸ್‌ಪಿ32 ತೊಗೋಬೇಕಾ, ಪಿಕೊ ತೊಗೋಬೇಕಾ? ಒಂದು ಹೇಳ್ರಿ ಸಾಕು.

ಮೊದಲ ಎರಡು ತಿಂಗಳಿಗೆ ಆರ್ಡುಯಿನೊ ಯುನೊ. ಅದರ ಚಿಪ್ ಎಟಿಮೆಗಾ328ಪಿ: ವೇಗ 16 ಮೆಗಾಹರ್ಟ್ಸ್, ಕೋಡ್ ಕೂರಲು 32 ಕಿಲೊಬೈಟ್, ನೆನಪಿನಲ್ಲಿ ಇಟ್ಟುಕೊಳ್ಳಲು ಬರೀ 2 ಕಿಲೊಬೈಟ್. ಇಂದಿನ ಲೆಕ್ಕದಲ್ಲಿ ಬಡಪಾಯಿ. ಆದರೆ 5 ವೋಲ್ಟಿನಲ್ಲಿ ನಡೆಯುತ್ತದೆ, ತಪ್ಪು ತಂತಿ ಹಚ್ಚಿದರೂ ಬಹಳ ಸಲ ಬದುಕುತ್ತದೆ. ಕಲಿಯುವವನಿಗೆ ಈ ಗಟ್ಟಿತನ ವೇಗಕ್ಕಿಂತ ದೊಡ್ಡದು.

ಮೊಬೈಲಿಗೆ ಸುದ್ದಿ ಕಳಿಸಬೇಕು ಅನ್ನಿಸಿದ ದಿನ ಇಎಸ್‌ಪಿ32 ತನ್ನಿ. ವೈಫೈ, ಬ್ಲೂಟೂತ್ ಎರಡೂ ಒಳಗೇ ಇವೆ, 240 ಮೆಗಾಹರ್ಟ್ಸ್, 520 ಕಿಲೊಬೈಟ್ ನೆನಪು. ಒಂದೇ ಎಚ್ಚರ: ಅದು 3.3 ವೋಲ್ಟಿನದು, ಅದರ ಪಿನ್ನಿಗೆ 5 ವೋಲ್ಟ್ ಕೊಡಬಾರದು. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಕೂಡ 3.3 ವೋಲ್ಟಿನದೇ, ಪೈಥಾನ್ ಕಲಿಯಬೇಕೆಂದಿದ್ದರೆ ಚೆಂದ. ಮೊದಲ ಪಿಕೊದಲ್ಲಿ ವೈಫೈ ಇಲ್ಲ, ಹೆಸರಿನ ಕೊನೆಗೆ ಡಬ್ಲ್ಯು ಇರುವುದರಲ್ಲಿ ಮಾತ್ರ ಇದೆ.

ಸಾಮಾನು ಕಲಬುರಗ್ಯಾಗ ಸಿಗ್ತಾವೇನ್ರಿ?

ರೆಸಿಸ್ಟರ್, ತಂತಿ, ಸಾಲ್ಡರ್, ರಿಲೇ (ಬೋರ್ಡು ನಡೆಸುವ ಸ್ವಿಚ್), ಫ್ಯೂಸು, ಹಳೆಯ ಅಡಾಪ್ಟರ್ ಇವೆಲ್ಲ ಸೂಪರ್ ಮಾರ್ಕೆಟ್ ಸುತ್ತಲಿನ ರಿಪೇರಿ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತವೆ. ಬೋರ್ಡು, ಸೆನ್ಸರ್‌ಗಳಿಗೆ ಆನ್‌ಲೈನ್, ಇಲ್ಲವೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ. ಬೆಂಗಳೂರಿನ ಎಸ್.ಪಿ. ರೋಡಿಗಿಂತ ನಮಗೆ ಅದೇ ಹತ್ತಿರ, ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿಗೆ ಮನೆ. ನಕಲು ಯುನೊ ಅಥವಾ ಇಎಸ್‌ಪಿ32 ನಾಲ್ಕೈದು ನೂರು ರೂಪಾಯಿ ಆಸುಪಾಸು. ಅದರ ಜೊತೆಗೇ ಒಂದು ಮಲ್ಟಿಮೀಟರ್ ತನ್ನಿ. ಎರಡನೇ ಬೋರ್ಡು ಆಮೇಲೆ ಬರಲಿ, ಮೀಟರ್ ಮೊದಲು ಬರಲಿ.

ಕೇಬಲ್ ಹಚ್ಚಿದ್ರ ಬೋರ್ಡಿನ ಲೈಟ್ ಹತ್ತತದ, ಕಂಪ್ಯೂಟರಿನಾಗ ಪೋರ್ಟ್ ತೋರಿಸವಲ್ದು. ಬೋರ್ಡ್ ಸತ್ತದೇನ್ರಿ?

ಸತ್ತಿಲ್ಲ. ಮೊದಲ ಅನುಮಾನ ಕೇಬಲಿನ ಮೇಲಿರಲಿ. ಬರೀ ಚಾರ್ಜಿಂಗಿನ ಕೇಬಲುಗಳಲ್ಲಿ ಎರಡೇ ತಂತಿ ಇರುತ್ತವೆ, ಮಾಹಿತಿ ಸಾಗಿಸುವ ಉಳಿದೆರಡು ಇರುವುದೇ ಇಲ್ಲ. ಅದೇ ಕೇಬಲಿನಿಂದ ನಿಮ್ಮ ಫೋನಿನ ಫೋಟೊ ಕಂಪ್ಯೂಟರಿಗೆ ಬರುತ್ತದೆಯೇ ನೋಡಿ, ಬಂದರೆ ಕೇಬಲ್ ಸರಿ. ಎರಡನೆಯದು ಡ್ರೈವರ್: ನಕಲು ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುತ್ತದೆ, ವಿಂಡೋಸಿಗೆ ಅದರ ಡ್ರೈವರ್ ಹಾಕಬೇಕಾಗಬಹುದು.

ಇಂಗ್ಲಿಷ್ ಅಷ್ಟು ಬರಂಗಿಲ್ರಿ. ಕೋಡ್ ಹ್ಯಾಂಗ ಬರೀಲಿ?

ಕೋಡಿನ ಇಂಗ್ಲಿಷು ಇಂಗ್ಲಿಷಲ್ಲ, ಇಪ್ಪತ್ತು–ಇಪ್ಪತ್ತೈದು ಶಬ್ದಗಳ ಗುಟ್ಟಿನ ಭಾಷೆ. ಇಸ್ಪೀಟಿನ ರಾಜಾ–ರಾಣಿ ಕಲಿತಷ್ಟೇ ಹೊತ್ತು ಹಿಡಿಯುತ್ತದೆ. ಪ್ರತಿ ಸಾಲಿನ ಪಕ್ಕ ಎರಡು ಓರೆಗೆರೆ ಎಳೆದು ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಿರಿ, ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ಓದುವುದೇ ಇಲ್ಲ.

## ಕೈ ಸುಟ್ಟುಕೊಂಡ ಮೇಲೆ

ಎಲ್‌ಇಡಿ ಒಂದ್ ಕ್ಷಣ ಜೋರ್ ಹತ್ತಿ ಆರಿ ಹೋತ್ರಿ. ಹೊಸಾದು ಹಚ್ಚಿದ್ರೂ ಹಂಗೇ.

ರೆಸಿಸ್ಟರ್ ಇಲ್ಲದೆ ಹಚ್ಚಿದ್ದೀರಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. 5ರಲ್ಲಿ ಉಳಿದ 3 ವೋಲ್ಟನ್ನು ತಡೆಯುವವರು ಬೇಕು. 220 ಓಮ್ ಹಾಕಿದರೆ ಸುಮಾರು 14 ಮಿಲಿಆಂಪಿಯರ್ ಹರಿಯುತ್ತದೆ, ಎಲ್‌ಇಡಿಗೂ ಕ್ಷೇಮ, ಪಿನ್ನಿಗೂ ಕ್ಷೇಮ.

ಸಣ್ಣ ಮೋಟರ್ ಚಾಲೂ ಆದ ಕೂಡ್ಲೆ ಬೋರ್ಡ್ ರೀಸ್ಟಾರ್ಟ್ ಆಗ್ತದ. ಕೋಡಿನಾಗ ಏನರ ತಪ್ಪದೇನು?

ಕೋಡನ್ನು ಬಿಡಿ, ಕರೆಂಟಿನ ದಾರಿ ನೋಡಿ. ಯುನೊದ ಒಂದು ಪಿನ್ 20 ಮಿಲಿಆಂಪಿಯರ್ ನೆಮ್ಮದಿಯಾಗಿ ಕೊಡುತ್ತದೆ, 40 ಅದರ ಕೊನೆಯ ಮಿತಿ. ಆಟಿಕೆಯ ಮೋಟರ್ ಕೂಡ ತಿರುಗಲು ಶುರುವಾಗುವ ಕ್ಷಣ ಅದರ ಹತ್ತಾರು ಪಟ್ಟು ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿಯುತ್ತದೆ, ಚಿಪ್ಪಿಗೆ ಮೂರ್ಛೆ ಬರುತ್ತದೆ, ಎದ್ದು ಮೊದಲಿನಿಂದ ಶುರು ಮಾಡುತ್ತದೆ. ಮೋಟರಿಗೆ ಬೇರೆ ವಿದ್ಯುತ್ ಕೊಡಿ. ನಡುವೆ ಟ್ರಾನ್ಸಿಸ್ಟರ್ ಅಥವಾ ಮೋಟರ್ ಡ್ರೈವರ್ ಇರಲಿ. ಮೋಟರಿನ ಎರಡು ತುದಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿ, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಮೋಟರ್ ಬಂದ್ ಆಗುವಾಗ ಸುರುಳಿಯಿಂದ ಎಗರಿ ಬರುವ ವೋಲ್ಟೇಜನ್ನು ಅದು ನುಂಗುತ್ತದೆ. ಎರಡೂ ವಿದ್ಯುತ್ ಮೂಲಗಳ ಗ್ರೌಂಡ್, ಅಂದರೆ ಮೈನಸ್ ತಂತಿ, ಜೋಡಿಸುವುದನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ.

9 ವೋಲ್ಟಿನ ಚೌಕ ಬ್ಯಾಟರಿ ಹಚ್ಚೀನಿ, ಒಂದ್ ದಿನಾನೂ ಬರವಲ್ದು.

ಅದು ಹೊಗೆ ಅಲಾರಂ, ಮಲ್ಟಿಮೀಟರ್‌ಗಳಿಗೆಂದು ಮಾಡಿದ್ದು. ಒಳ್ಳೆಯದೇ ಆದರೂ ಒಟ್ಟು 500 ಮಿಲಿಆಂಪಿಯರ್‌ಗಂಟೆ ಸುತ್ತಮುತ್ತ. ಯುನೊ ಸುಮ್ಮನೆ ಕುಳಿತರೂ 45–50 ಮಿಲಿಆಂಪಿಯರ್ ತಿನ್ನುತ್ತದೆ. ಹತ್ತು ಗಂಟೆಗೆ ಕಥೆ ಮುಗಿಯಿತು. ಸಾಲದ್ದಕ್ಕೆ 9ನ್ನು 5ಕ್ಕೆ ಇಳಿಸುವಾಗ ಉಳಿದ 4 ವೋಲ್ಟ್ ಬರೀ ಶಾಖವಾಗಿ ಹೋಗುತ್ತದೆ. ಮೊಬೈಲ್ ಪವರ್ ಬ್ಯಾಂಕ್ ಹಚ್ಚಿ.

ಮೊಬೈಲ್ ಹಾಟ್‌ಸ್ಪಾಟಿಗಿ ಇಎಸ್‌ಪಿ32 ಕೂಡವಲ್ದು. ಪಾಸ್‌ವರ್ಡ್ ಖರೇನೇ ಅದ.

ಇಎಸ್‌ಪಿ32ಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕೇಳಿಸುತ್ತದೆ. ಹೊಸ ಫೋನುಗಳ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿ ಇದ್ದರೆ ಅದು ಕಿವುಡು. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ ಬದಲಿಸಿ.

## ಬಿಸಿಲು, ನೀರು, ಎರೆ ಮಣ್ಣು

ಮಾಳಿಗಿ ಮ್ಯಾಲ ಟೆಂಪರೇಚರ್ ಸೆನ್ಸರ್ ಇಟ್ಟೀನಿ. 50 ತೋರಿಸಿ ಅಲ್ಲೇ ನಿಂತದ. ಟಿವ್ಯಾಗ 43 ಅಂತಾರ. ಯಾವ್ದು ಖರೇ?

ಟಿವಿಯದು ಖರೆ, ನಿಮ್ಮದೂ ಒಂದು ಬಗೆಯ ಖರೆ. ನೀವು ಇಟ್ಟಿದ್ದು ನೀಲಿ ಡಬ್ಬಿಯ ಡಿಎಚ್‌ಟಿ11. ಅದರ ಅಳತೆಯ ಮಿತಿಯೇ 0ಯಿಂದ 50 ಡಿಗ್ರಿ, ಅದರಲ್ಲೂ 2 ಡಿಗ್ರಿ ಆಚೀಚೆ. ನಮ್ಮ ಬೇಸಿಗೆಗೆ ಅದು ಗಿಡ್ಡ ಅಳತೆಪಟ್ಟಿ. ಬಿಳಿ ಬಣ್ಣದ ಡಿಎಚ್‌ಟಿ22 ಮೈನಸ್ 40ರಿಂದ 80ರವರೆಗೆ ಅಳೆಯುತ್ತದೆ, ತಪ್ಪು ಅರ್ಧ ಡಿಗ್ರಿ ಆಸುಪಾಸು.

ಆದರೆ ಸೆನ್ಸರ್ ಬದಲಿಸಿದರೂ ಬಿಸಿಲಲ್ಲಿಟ್ಟರೆ ಅದು ಅಳೆಯುವುದು ತನ್ನದೇ ಮೈಯ ಬಿಸಿಯನ್ನು. ಹವಾಮಾನದವರು ಹೇಳುವುದು ನೆರಳಿನ ಗಾಳಿಯ ಉಷ್ಣತೆ. ಅವರ ಉಪಕರಣ ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಗಾಳಿ ಆಡುವ ಬಿಳಿ ಜಾಲಂದ್ರದ ಪೆಟ್ಟಿಗೆಯಲ್ಲಿ ಇರುತ್ತದೆ. ಐದಾರು ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಬೆರಳಗಲ ಸಂದು ಬಿಟ್ಟು ಬೋಲ್ಟಿನಿಂದ ಪೋಣಿಸಿದರೆ ನಿಮ್ಮ ಪೆಟ್ಟಿಗೆ ಸಿದ್ಧ. ಕಾದ ಶಹಾಬಾದ್ ಕಲ್ಲಿನ ನೆಲದಿಂದ ದೂರ, ಕಂಬಕ್ಕೆ ಕಟ್ಟಿ.

ಟ್ಯಾಂಕಿನ ನೀರು ಅಳೀಲಾಕ ಅಲ್ಟ್ರಾಸಾನಿಕ್ ಹಚ್ಚೀನಿ. ಚಳಿಗಾಲದಾಗ ಬರೋಬ್ಬರಿ ಇತ್ತು, ಈಗ ಸುಳ್ಳು ಹೇಳ್ಲಾಕತ್ತದ.

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಸೆನ್ಸರ್ ಅಳೆಯುವುದು ದೂರವನ್ನಲ್ಲ, ಶಬ್ದ ಹೋಗಿ ಬರುವ ಹೊತ್ತನ್ನು. ಹೊತ್ತನ್ನು ದೂರ ಮಾಡುವುದು ನಿಮ್ಮ ಕೋಡಿನೊಳಗಿನ ಸಂಖ್ಯೆ, ಸಾಮಾನ್ಯವಾಗಿ ಸೆಕೆಂಡಿಗೆ 343 ಮೀಟರ್. ಅದು 20 ಡಿಗ್ರಿಯ ಗಾಳಿಯ ಲೆಕ್ಕ. ಗಾಳಿ ಕಾದಷ್ಟೂ ಶಬ್ದ ಜೋರಾಗಿ ಓಡುತ್ತದೆ: 331.3ಕ್ಕೆ, ಉಷ್ಣತೆಯನ್ನು 0.606ರಿಂದ ಗುಣಿಸಿ ಕೂಡಿಸಿ. 45 ಡಿಗ್ರಿಗೆ 358.6 ಬರುತ್ತದೆ. ಅಂದರೆ ನೀರು ಸೆನ್ಸರಿನಿಂದ 100 ಸೆಂಟಿಮೀಟರ್ ಕೆಳಗಿದ್ದರೆ ನಿಮ್ಮ ಪರದೆ 95.7 ಎನ್ನುತ್ತದೆ. ಒಂದು ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ ಇದು ಹತ್ತಿರ ಹತ್ತಿರ 34 ಲೀಟರ್. ಇಲ್ಲದ ಎರಡು ಕೊಡ ನೀರನ್ನು ಇದೆ ಎಂದು ತೋರಿಸಿ, ನಳ ಬರುವ ದಿನ ಮೋಟರ್ ಹಚ್ಚದೆ ಬಿಡಿಸುವ ಸುಳ್ಳು ಅದು. ಟ್ಯಾಂಕಿನ ಮುಚ್ಚಳದ ಕೆಳಗೆ ಡಿಎಸ್18ಬಿ20 ಉಷ್ಣತೆ ಸೆನ್ಸರ್ ಒಂದನ್ನು ಇಳಿಬಿಟ್ಟು, ಈ ಸೂತ್ರವನ್ನು ಕೋಡಿಗೆ ಸೇರಿಸಿ.

ಇನ್ನೆರಡು ಮಾತು. ಎಚ್‌ಸಿ-ಎಸ್‌ಆರ್04 ತೆರೆದ ಕಣ್ಣಿನ ಸೆನ್ಸರ್, ಟ್ಯಾಂಕಿನ ಹಬೆಗೆ ಬೇಗ ಹಾಳಾಗುತ್ತದೆ. ಜೆಎಸ್‌ಎನ್-ಎಸ್‌ಆರ್04ಟಿ ನೀರು ತಡೆಯುತ್ತದೆ, ಆದರೆ ಸುಮಾರು 20–25 ಸೆಂಟಿಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣದು, ಆದ್ದರಿಂದ ತುಂಬಿದ ನೀರಿಗಿಂತ ಅಷ್ಟು ಎತ್ತರದಲ್ಲಿ ಕೂರಿಸಿ. 5 ವೋಲ್ಟಿನಲ್ಲಿ ನಡೆಸಿದರೆ ಇದರ ಎಕೊ ಪಿನ್ನಿನಿಂದಲೂ 5 ವೋಲ್ಟೇ ಬರುತ್ತದೆ. ಇಎಸ್‌ಪಿ32ಗೆ ಒಯ್ಯುವ ಮುಂಚೆ 1 ಕಿಲೊಓಮ್, 2 ಕಿಲೊಓಮ್ ರೆಸಿಸ್ಟರ್ ಜೋಡಿಯಿಂದ 3.3ಕ್ಕೆ ಇಳಿಸಿ.

ತೊಗರಿ ಹೊಲದಾಗ ತೇವಾಂಶ ಸೆನ್ಸರ್ ಚುಚ್ಚೀನ್ರಿ. ಮಳಿ ಆದ ವಾರಕ್ಕೇ ಪೂರಾ ಒಣಗದ ಅಂತದ. ಖರೇ ಇರಬಹುದಾ?

ಮೊದಲು ಸೆನ್ಸರ್ ಯಾವುದು ಹೇಳಿ. ಎರಡು ಹಲ್ಲಿನ ಫೋರ್ಕಿನಂಥದ್ದಾದರೆ ಅದು ಮಣ್ಣಿನಲ್ಲಿ ಕರೆಂಟ್ ಹರಿಸಿ ಅಳೆಯುತ್ತದೆ, ವಿದ್ಯುದ್ವಿಭಜನೆಯಿಂದ ಕೆಲವೇ ವಾರಗಳಲ್ಲಿ ತಾಮ್ರ ಕರಗಿಹೋಗುತ್ತದೆ. ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ತನ್ನಿ. ಅದರ ಅಂಚುಗಳಿಂದ ನೀರು ಒಳಗೆ ಸೇರುತ್ತದೆ, ಉಗುರುಬಣ್ಣ ಎರಡು ಸಲ ಬಳಿದು ಒಣಗಿಸಿ. ಈ ವಿಷಯದಲ್ಲಿ ಮನೆಯ ಹೆಣ್ಣುಮಕ್ಕಳ ಅನುಮತಿ ಮೊದಲೇ ಪಡೆಯುವುದು ಒಳ್ಳೆಯದು.

ಸೆನ್ಸರ್ ಸರಿ ಇದ್ದರೂ ನಮ್ಮ ಎರೆ ಭೂಮಿ ಅದಕ್ಕೆ ಮೋಸ ಮಾಡುತ್ತದೆ. ಈ ಜೇಡಿ ಹಸಿಯಾದಾಗ ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ನೀವು ಚುಚ್ಚಿದ ಜಾಗವೇ ಮೊದಲ ಬಿರುಕಿಗೆ ದಾರಿ. ಸೆನ್ಸರಿನ ಸುತ್ತ ಕೂದಲೆಳೆಯಷ್ಟು ಸಂದಾದರೂ ಅದು ಗಾಳಿಯನ್ನು ಅಳೆದು ಒಣಗಿದೆ ಎನ್ನುತ್ತದೆ. ತೆಗೆದ ಮಣ್ಣನ್ನೇ ಕೆಸರಿನಂತೆ ಕಲಸಿ ಸುತ್ತ ಮೆತ್ತಿ ಕೂರಿಸಿ, ಓರೆಯಾಗಿ ಹೂಳಿ, ಎರಡು ಮೂರು ಕಡೆ ಇಟ್ಟು ನಡುವಿನ ಸಂಖ್ಯೆ ತೆಗೆದುಕೊಳ್ಳಿ.

ಅಂತರ್ಜಾಲದ ಶೇಕಡಾ ಸೂತ್ರವನ್ನು ನಕಲು ಮಾಡಬೇಡಿ. ನಿಮ್ಮ ಹೊಲದ ಮಣ್ಣನ್ನು ಮೇ ಬಿಸಿಲಲ್ಲಿ ನಾಲ್ಕೈದು ದಿನ ತೆಳ್ಳಗೆ ಹರಡಿ ಒಣಗಿಸಿ, ಒಂದು ಕಿಲೊ ತೂಗಿ. 100 ಗ್ರಾಂ ನೀರು ಕಲಸಿ ಸೆನ್ಸರಿನ ಸಂಖ್ಯೆ ಬರೆದುಕೊಳ್ಳಿ, ಮತ್ತೆ 100 ಗ್ರಾಂ, ಮತ್ತೆ ಬರೆದುಕೊಳ್ಳಿ. ಬಿಸಿಲಿನ ಬದಲು ಲ್ಯಾಬಿನವರು ಮಣ್ಣನ್ನು 105 ಡಿಗ್ರಿ ಒಲೆಯಲ್ಲಿ ಒಣಗಿಸುತ್ತಾರೆ.

ಕೊನೆಗೆ, ನನ್ನ ಅಭಿಪ್ರಾಯ ಕೇಳಿದರೆ: ಮಳೆ ನೆಚ್ಚಿದ ತೊಗರಿಗೆ ಈ ಸೆನ್ಸರಿನ ಉಪಯೋಗ ಕಡಿಮೆ. ಅದರ ತಾಯಿಬೇರು ಆಳಕ್ಕೆ ಹೋಗುತ್ತದೆ, ನೀವು ಅಳೆಯುವುದು ಮೇಲಿನ ಗೇಣು ಮಣ್ಣು. ಒಣಗಿದೆ ಎಂದು ತಿಳಿದರೂ ತಿರುಗಿಸಲು ನಲ್ಲಿ ಎಲ್ಲಿದೆ? ಡ್ರಿಪ್ ಇರುವ ಪಪ್ಪಾಯಿ, ಬಾಳೆ, ಮೆಣಸಿನಕಾಯಿಗೆ ಹಚ್ಚಿ ನೋಡಿ.

ಸೋಲಾರ್ ಹಚ್ಚಿ ಬ್ಯಾಟರಿ ಡಬ್ಬಿ ಮ್ಯಾಲೇ ಇಟ್ರ ನಡೀತದಲ್ರಿ?

ಚಳಿಗಾಲದಲ್ಲಿ ನಡೆಯುತ್ತದೆ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲುಗಳನ್ನು ಚಾರ್ಜ್ ಮಾಡಬಹುದಾದ ಉಷ್ಣತೆ 0ಯಿಂದ 45 ಡಿಗ್ರಿ ಎಂದು ತಯಾರಕರೇ ಬರೆದಿರುತ್ತಾರೆ. ನೆರಳೇ 43 ಇರುವಾಗ ಬಿಸಿಲಲ್ಲಿಟ್ಟ ತಗಡಿನ ಡಬ್ಬಿಯ ಒಳಗು ಎಷ್ಟಿರುತ್ತದೆ ಲೆಕ್ಕ ಹಾಕಿ. ಸೋಲಾರ್ ಪೂರ್ತಿ ದುಡಿಯುವುದೂ ಅದೇ ಹೊತ್ತಿನಲ್ಲಿ. ನನ್ನ ಮೊದಲ ಮಳೆಮಾಪಕದ ಚಪ್ಪಟೆ ಲಿಪೊ (ಲಿಥಿಯಂ ಪಾಲಿಮರ್) ಸೆಲ್ ಏಪ್ರಿಲಿನ ಒಂದು ಮಧ್ಯಾಹ್ನ ಪೂರಿಯ ಹಾಗೆ ಉಬ್ಬಿತ್ತು. ಹೊತ್ತಿಕೊಳ್ಳಲಿಲ್ಲ, ಅದು ನನ್ನ ಪುಣ್ಯ. ಹಾಗೆ ಉಬ್ಬಿದ ಸೆಲ್ಲನ್ನು ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ.

ಪ್ಯಾನೆಲ್ ಮೇಲಿರಲಿ, ಬ್ಯಾಟರಿ ಕೆಳಗೆ ಗೋಡೆಯ ನೆರಳಲ್ಲಿರಲಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಶಾಖಕ್ಕೆ ಅಷ್ಟು ಬೇಗ ಬೆಂಕಿಯಾಗುವುದಿಲ್ಲ. ಆದರೆ ಅದನ್ನು 3.65 ವೋಲ್ಟಿಗೆ ನಿಲ್ಲಿಸಬೇಕು. ಎಲ್ಲರ ಬಳಿ ಇರುವ ಟಿಪಿ4056 ಚಾರ್ಜರ್ 4.2ರವರೆಗೆ ತುಂಬುತ್ತದೆ, ಎರಡನ್ನೂ ಜೋಡಿಸಬೇಡಿ.

ಬ್ಯಾಟರಿ ಬಹಳ ದಿನ ಬರಬೇಕೆಂದರೆ ಬೋರ್ಡನ್ನು ಮಲಗಿಸಬೇಕು. ಗಾಢ ನಿದ್ದೆಯಲ್ಲಿ ಇಎಸ್‌ಪಿ32 ಚಿಪ್ ಸುಮಾರು 10 ಮೈಕ್ರೊಆಂಪಿಯರ್ ಮಾತ್ರ ಕುಡಿಯುತ್ತದೆ. ಆದರೆ ಬೋರ್ಡಿನ ಮೇಲಿನ ಪವರ್ ಎಲ್‌ಇಡಿ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಮಲಗುವುದಿಲ್ಲ. ಮನೆಯ ಯಜಮಾನ ಮಲಗಿದರೂ ಅಂಗಳದ ಲೈಟು ಉರಿದ ಹಾಗೆ. ಮೊದಲು ಆ ಎಲ್‌ಇಡಿ ಕಿತ್ತುಹಾಕಿ.

ಮೊಬೈಲಿಂದ ಬೋರ್ ಚಾಲೂ ಮಾಡ್ಬೇಕ್ರಿ. 10 ಆಂಪಿಯರ್ ರಿಲೇ ಅದ, ಸೀದಾ ಮೋಟರಿಗಿ ಹಚ್ಚಲ್ಯಾ?

ಬೇಡ. ಮೂರು ಫೇಸ್ ಎಂದರೆ 415 ವೋಲ್ಟ್. ಆ ನೀಲಿ ರಿಲೇಯ ಮೇಲೆ ಬರೆದ 10 ಆಂಪಿಯರ್ ಬಲ್ಬು, ಹೀಟರಿನಂಥವಕ್ಕೆ. ಮೋಟರ್ ಏಳುವಾಗ ತನ್ನ ನಡೆವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಮೋಟರನ್ನು ಎಬ್ಬಿಸುವುದು ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್. ನಿಮ್ಮ ರಿಲೇ ಹಸಿರು ಗುಂಡಿಗೆ ಸಮಾಂತರವಾಗಿ ಕೂತು, ಬೆರಳಿನ ಹಾಗೆ ಒಂದು ಸೆಕೆಂಡ್ ಒತ್ತಿ ಬಿಟ್ಟರೆ ಸಾಕು. ಕೆಂಪು ಗುಂಡಿಗೆ ಸರಣಿಯಲ್ಲಿ ಇನ್ನೊಂದು. ಆ ಗುಂಡಿಗಳ ಸಾಲಿನಲ್ಲೂ ಸಾಮಾನ್ಯವಾಗಿ ಅದೇ 415 ವೋಲ್ಟ್ ಇರುತ್ತದೆ, ಹಲವು ಸಣ್ಣ ರಿಲೇಗಳಿಗೆ 250ರಾಚೆ ಹೋಗುವ ಯೋಗ್ಯತೆಯೇ ಇಲ್ಲ. ಮೈಮೇಲಿನ ಅಕ್ಷರ ಓದಿ. ಸ್ಟಾರ್ಟರಿನ ಓವರ್‌ಲೋಡ್, ಸಿಂಗಲ್ ಫೇಸ್ ರಕ್ಷಣೆಗಳನ್ನು ಮುಟ್ಟಬೇಡಿ. ಡಬ್ಬಿ ಬಿಚ್ಚುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದು.

ಕೋಡಿನಲ್ಲಿ ಒಂದು ಮಾತು ಕಡ್ಡಾಯ: ಕರೆಂಟ್ ಹೋಗಿ ಬಂದಾಗ ಮೋಟರ್ ತಾನಾಗಿ ಏಳಕೂಡದು. ರಾತ್ರಿ ಎರಡಕ್ಕೆ ಕರೆಂಟ್ ಬಂದಾಗ ನಿಮ್ಮ ಅಪ್ಪನ ಕೈ ಎಲ್ಲಿರುತ್ತದೋ ಬೋರ್ಡಿಗೆ ಗೊತ್ತಿಲ್ಲ. ಹಲವು ರಿಲೇ ಮಾಡ್ಯೂಲುಗಳು ಪಿನ್ನಿನ ವೋಲ್ಟೇಜ್ ಸೊನ್ನೆಗೆ ಇಳಿದಾಗ ಚಾಲೂ ಆಗುವಂಥವು. ಹಾಗಾಗಿ ಕೋಡಿನ ಶುರುವಿನಲ್ಲೇ ಪಿನ್ನಿನ ವೋಲ್ಟೇಜನ್ನು ಮೇಲೆತ್ತಿ ಇಡಿ.

## ಸ್ವಲ್ಪ ಆಳಕ್ಕೆ

ಹೊಲದಾಗ ವೈಫೈ ಇಲ್ಲ. ಸಿಮ್ ಹಾಕಿದ ಬೋರ್ಡ್ ಜಿಯೋಕ್ಕ ಹತ್ತವಲ್ದು.

ಎಸ್‌ಐಎಂ800ಎಲ್ ತಂದಿದ್ದೀರಿ. ಅದು 2ಜಿ ಮಾತ್ರ ಬಲ್ಲದು, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. 2ಜಿ ಇರುವ ಸಿಮ್ ಹಾಕಿದರೂ ಸಿಗ್ನಲ್ ಹುಡುಕುವಾಗ 2 ಆಂಪಿಯರಿನ ಗುಟುಕು ಎಳೆಯುತ್ತದೆ, ಬೋರ್ಡಿನ ಪಿನ್ನಿನಿಂದ ವಿದ್ಯುತ್ ಕೊಟ್ಟರೆ ಏಳುವುದಿಲ್ಲ. ಹೊಲದಿಂದ ಮನೆಗೆ ನಾಲ್ಕು ಸಂಖ್ಯೆ ಬಂದರೆ ಸಾಕು ಎನ್ನುವವರಿಗೆ ಲೋರಾ ಎಂಬ ರೇಡಿಯೊ ಒಳ್ಳೆಯದು: ವೇಗ ಕಡಿಮೆ, ದೂರ ಹೆಚ್ಚು, ಬಯಲಿನಲ್ಲಿ ಕಿಲೊಮೀಟರುಗಟ್ಟಲೆ. ಭಾರತದಲ್ಲಿ 865–868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು. ಹಾಗಾಗಿ ಎಸ್‌ಎಕ್ಸ್1276 ಚಿಪ್ಪಿನ, 868 ಎಂದು ಬರೆದ ಮಾಡ್ಯೂಲ್ ತಂದು ಕೋಡಿನಲ್ಲಿ 866 ಇಡಿ. ಆಂಟೆನಾ ಹಚ್ಚದೆ ಕರೆಂಟ್ ಕೊಟ್ಟರೆ ಚಿಪ್ ಸುಡಬಹುದು. ಇನ್ನೊಂದು, ಆಂಟೆನಾ ಬೆಳೆದ ತೊಗರಿಗಿಂತ ಎತ್ತರ ಇರಲಿ. ಆಷಾಢದಲ್ಲಿ ಮುಟ್ಟಿದ ಸಿಗ್ನಲ್ ದೀಪಾವಳಿಗೆ ಮುಟ್ಟಲಿಲ್ಲ ಎಂದು ಒಬ್ಬ ಬಂದಿದ್ದ. ನಡುವೆ ಬೆಳೆ ತಲೆ ಎತ್ತರ ಬೆಳೆದಿತ್ತು.

ಡಿಸ್‌ಪ್ಲೇದಾಗ ಕನ್ನಡ ಬರಸೂದು ಹ್ಯಾಂಗ್ರಿ? ಬರೇ ಕಸ ಬರ್ಲಾಕತ್ತದ.

ಡಿಸ್‌ಪ್ಲೇ ಲೈಬ್ರರಿಗಳು ಒಂದು ಬೈಟಿಗೆ ಒಂದು ಅಕ್ಷರ ಎಂದು ನಂಬಿವೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್. ‘ಕಲಬುರಗಿ’ ಎಂಬುದರಲ್ಲಿ ಐದು ವ್ಯಂಜನ, ಎರಡು ಸ್ವರಚಿಹ್ನೆ, ಒಟ್ಟು 21 ಬೈಟ್. ಆ 21ನ್ನೂ ಬೇರೆ ಬೇರೆ ಅಕ್ಷರವೆಂದು ತಿಳಿದು ಚಿತ್ರ ಬಿಡಿಸಿದರೆ ಕಸವೇ ಬರಬೇಕು. ಜೊತೆಗೆ ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಬುದ್ಧಿ ಆ ಪುಟ್ಟ ಚಿಪ್ಪಿನಲ್ಲಿಲ್ಲ.

ಉಪಾಯ ಸರಳ. ‘ನೀರು ತುಂಬಿದೆ’, ‘ನೀರು ಖಾಲಿ’ ಎಂಬಂಥ ನಿಮ್ಮ ಹತ್ತು ಪದಗಳನ್ನು ಕಂಪ್ಯೂಟರಿನಲ್ಲಿ ಚೆಂದದ ಫಾಂಟಿನಲ್ಲಿ ಬರೆದು, ಕಪ್ಪು–ಬಿಳಿ ಬಿಟ್‌ಮ್ಯಾಪ್ ಮಾಡಿ, ಚಿತ್ರವಾಗಿ ಕೋಡಿನಲ್ಲಿ ಇಡಿ. 128ಕ್ಕೆ 64ರ ಒಎಲ್‌ಇಡಿ ಪರದೆಯ ಪೂರ್ಣ ಚಿತ್ರ 1024 ಬೈಟ್. ಯುನೊದ 2 ಕಿಲೊಬೈಟ್ ನೆನಪಿನಲ್ಲಿ ಪರದೆಯ ನಕಲಿಗೇ ಅರ್ಧ ಹೋಗುತ್ತದೆ, ಆದ್ದರಿಂದ ಚಿತ್ರಗಳನ್ನು ಕೋಡ್ ಕೂರುವ ಫ್ಲ್ಯಾಶ್‌ನಲ್ಲೇ ಬಿಡಿ. ಎರಡು ಸಾಲಿನ ಹಳೆಯ ಎಲ್‌ಸಿಡಿಯಲ್ಲಿ ಸ್ವಂತ ಅಕ್ಷರಕ್ಕೆ 8 ಮನೆ ಮಾತ್ರ, ಒಂದೊಂದೂ 5ಕ್ಕೆ 8 ಚುಕ್ಕೆ. ಅದರಲ್ಲಿ ‘ಕ್ಷ’ ಬಿಡಿಸಲು ಹೋಗಿ ಒಂದು ಸಂಜೆ ಕಳೆದಿದ್ದೇನೆ. ಅದು ‘ಕ್ಷ’ ಎಂದು ನನಗೆ ಮಾತ್ರ ಗೊತ್ತಾಗುತ್ತಿತ್ತು.

ಒಂದ್ ನಿಮಿಷ ತಡಿ ಅಂತ ಬರದೀನಿ, ಯುನೊ ಮಲ್ಕೊಂಡು ಎದ್ದೇ ಇಲ್ಲ. ದೋಸ್ತಂದು ಒಂದೂವರಿ ತಿಂಗಳ ನಡದು ನಿಂತದ.

ಎರಡೂ ಒಂದೇ ರೋಗ: ಪಾತ್ರೆ ಸಣ್ಣದು. ಯುನೊದಲ್ಲಿ ಸಾಮಾನ್ಯ ಪೂರ್ಣಾಂಕ 32767ರವರೆಗೆ ಮಾತ್ರ. ನೀವು ಡಿಲೇ ಒಳಗೆ 60 ಗುಣಿಸು 1000 ಎಂದು ಬರೆದಿದ್ದೀರಿ. 60000 ಹಿಡಿಸದೆ ಮಗುಚಿ ಮೈನಸ್ 5536 ಆಯಿತು. ಡಿಲೇಗೆ ಮೈನಸ್ ಗೊತ್ತಿಲ್ಲ, ಅದು ಅದನ್ನು 429 ಕೋಟಿ ಚಿಲ್ಲರೆ ಎಂದು ಓದಿತು. ಒಂದು ನಿಮಿಷ ಎಂದಿದ್ದು 49 ದಿನದ ನಿದ್ದೆಯಾಯಿತು. 1000ದ ಬೆನ್ನಿಗೆ ಯುಎಲ್ ಅಕ್ಷರ ಹಚ್ಚಿದರೆ ಸರಿ ಹೋಗುತ್ತದೆ.

ಗೆಳೆಯನದು ಮಿಲಿಸ್ ಗಡಿಯಾರ, ಬೋರ್ಡು ಚಾಲೂ ಆದಾಗಿನಿಂದ ಮಿಲಿಸೆಕೆಂಡು ಎಣಿಸುವುದು. ಅದು 49.7 ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತದೆ. ‘ಈಗಿನ ಹೊತ್ತು, ಹಳೆಯ ಹೊತ್ತು ಕೂಡಿಸು ಅವಧಿಗಿಂತ ದೊಡ್ಡದೇ’ ಎಂದು ಕೇಳಬಾರದು. ‘ಈಗಿನದರಲ್ಲಿ ಹಳೆಯದನ್ನು ಕಳೆದರೆ ಅವಧಿಗಿಂತ ದೊಡ್ಡದೇ’ ಎಂದು ಕೇಳಬೇಕು. ಕಳೆಯುವ ಲೆಕ್ಕ ಸೊನ್ನೆ ದಾಟಿದಾಗಲೂ ಸರಿಯಾಗಿ ಬರುತ್ತದೆ.

ಎಐಗಿ ಹೇಳಿದ್ರ ಕೋಡ್ ಬರದು ಕೊಡ್ತದ. ನಾ ಯಾಕ ಕಲೀಬೇಕು?

ಬರೆಸಿಕೊಳ್ಳಿ, ನಾನೂ ಬರೆಸಿಕೊಳ್ಳುತ್ತೇನೆ. ಆದರೆ ಇಎಸ್‌ಪಿ32ರ 34ರಿಂದ 39ರ ಪಿನ್ನುಗಳು ಇನ್‌ಪುಟ್ ಮಾತ್ರ ಎಂಬುದನ್ನು ಮರೆತು ಅಲ್ಲಿ ರಿಲೇ ಹಚ್ಚಿಸಿದ ಕೋಡನ್ನು ಇದೇ ಪಡಸಾಲೆಯಲ್ಲಿ ನೋಡಿದ್ದೇನೆ. ನಿಮ್ಮ ತಂತಿ ಸಡಿಲಾಗಿದೆ, ಡಬ್ಬಿಯೊಳಗೆ ಹಲ್ಲಿ ಸತ್ತಿದೆ ಎನ್ನುವುದು ಅದಕ್ಕೆ ಕಾಣುವುದಿಲ್ಲ.

ಹೋದ ವರ್ಷ ನಡದ ಕೋಡ್ ಈ ವರ್ಷ ಕಂಪೈಲ್ ಆಗವಲ್ದು. ಒಂದ್ ಅಕ್ಷರಾನೂ ಮುಟ್ಟಿಲ್ರಿ.

ನೀವು ಮುಟ್ಟಿಲ್ಲ, ಅಡಿಯಲ್ಲಿರುವುದು ಬದಲಾಗಿದೆ. 2024ರಲ್ಲಿ ಇಎಸ್‌ಪಿ32ರ ಆರ್ಡುಯಿನೊ ಕೋರ್ (ಆ ಬೋರ್ಡಿಗೆ ಕೋಡ್ ಸಿದ್ಧ ಮಾಡುವ ತಂತ್ರಾಂಶ) 3.0 ಬಂದಾಗ, ಎಲ್‌ಇಡಿ ಮಂಕು ಮಾಡಲು ಬಳಸುವ ‘ಎಲ್‌ಇಡಿಸಿ ಸೆಟಪ್’, ‘ಎಲ್‌ಇಡಿಸಿ ಅಟ್ಯಾಚ್‌ಪಿನ್’ ಎರಡನ್ನೂ ತೆಗೆದು ‘ಎಲ್‌ಇಡಿಸಿ ಅಟ್ಯಾಚ್’ ಒಂದನ್ನೇ ಇಟ್ಟರು. ಬೋರ್ಡ್ಸ್ ಮ್ಯಾನೇಜರಿಗೆ ಹೋಗಿ ಕೋರನ್ನು 2.0 ಸಾಲಿಗೆ ಇಳಿಸಿ, ಇಲ್ಲವೆ ಆ ಎರಡು ಸಾಲನ್ನು ತಿದ್ದಿ, ‘ಎಲ್‌ಇಡಿಸಿ ರೈಟ್’ನಲ್ಲೂ ಚಾನೆಲ್ ಬದಲು ಪಿನ್ ಸಂಖ್ಯೆ ಕೊಡಿ. ಮುಂದಿನ ಸಲ ಕೋಡಿನ ಮೊದಲ ಸಾಲಿನಲ್ಲೇ ಬೋರ್ಡಿನ ಹೆಸರು, ಕೋರಿನ ಆವೃತ್ತಿ, ಲೈಬ್ರರಿಗಳ ಆವೃತ್ತಿ ಬರೆದಿಡಿ. ಡಬ್ಬಿಯ ಮುಚ್ಚಳದ ಒಳಗೂ ಅದೇ ಚೀಟಿ ಅಂಟಿಸಿ. ಮಾರ್ಕರಿನಿಂದ ಬೇಡ, ಬಿಸಿಲಿಗೆ ಹಾರಿಹೋಗುತ್ತದೆ, ಪೆನ್ಸಿಲಿನಿಂದ ಬರೆಯಿರಿ.